ಕೈತುಂಬ ಸಂಬಳ, ಕಾಲೇಜಿನ ಚಿಂತೆ



ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಇಬ್ಬರಿಗೂ ಒಳ್ಳೆಯ ಸಂಬಳ. ಇಂಥವರಿಗೆ ಮಕ್ಕಳ ಕಾಲೇಜಿನ ಖರ್ಚು ಒಂದು ಚಿಂತೆಯೇ ಎಂದು ನೀವು ಕೇಳಬಹುದು. ಆದರೆ 'ಆಮೇಲೆ ನೋಡೋಣ' ಎಂದು ಮೈಮರೆಯುವ ಅಪಾಯ ಇಂಥ ಮನೆಗಳಲ್ಲೇ ಇದೆ.

ಆದಾಯ ಏರಿದಂತೆ ರಿಯಾಯಿತಿಗಳು ಒಂದೊಂದಾಗಿ ಕೈಬಿಡುತ್ತವೆ. ಐ.ಐ.ಟಿ.ಗಳ ಬಿ.ಟೆಕ್. ಬೋಧನಾ ಶುಲ್ಕ 2016ರಲ್ಲಿ ವರ್ಷಕ್ಕೆ 90,000 ರೂಪಾಯಿಗಳಿಂದ 2 ಲಕ್ಷಕ್ಕೆ ಏರಿತು. ಕುಟುಂಬದ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಅದು ಪೂರ್ತಿ ಮನ್ನಾ; 5 ಲಕ್ಷದವರೆಗೆ ಮೂರರಲ್ಲಿ ಎರಡು ಪಾಲು ಮನ್ನಾ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯ ಬಡ್ಡಿ ರಿಯಾಯಿತಿಗೂ 8 ಲಕ್ಷದ ಮಿತಿಯಿದೆ. ನಮ್ಮ ರಾಜ್ಯದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಲ್ಲಂತೂ ಒಂದೇ ತರಗತಿಯಲ್ಲಿ ಸಿ.ಇ.ಟಿ. ಸೀಟಿಗೆ ಒಂದು ಶುಲ್ಕ, ಕಾಮೆಡ್-ಕೆ ಸೀಟಿಗೆ ಇನ್ನೊಂದು, ಆಡಳಿತ ಮಂಡಳಿಯ ಸೀಟಿಗೆ ಮತ್ತೊಂದು. ನಮ್ಮ ಮಗುವಿಗೆ ಯಾವುದು ಸಿಕ್ಕೀತೆಂದು ಮೊದಲೇ ಹೇಳಲಾಗದು.

ಈಗ ಸ್ವಲ್ಪ ಲೆಕ್ಕ ಮಾಡೋಣ. 72ನ್ನು ಏರಿಕೆಯ ದರದಿಂದ ಭಾಗಿಸಿದರೆ, ಮೊತ್ತ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆಂದು ಸುಮಾರಾಗಿ ತಿಳಿಯುತ್ತದೆ. ಶುಲ್ಕ ವರ್ಷಕ್ಕೆ ಶೇ. 8ರಂತೆ ಏರುತ್ತದೆ ಎಂದಿಟ್ಟುಕೊಳ್ಳಿ. 9 ವರ್ಷಕ್ಕೆ ಇಮ್ಮಡಿ, 18 ವರ್ಷಕ್ಕೆ ನಾಲ್ಮಡಿ. ಇಂದು 12 ಲಕ್ಷ ಹಿಡಿಯುವ ಓದಿಗೆ, ಈಗ ಹುಟ್ಟಿದ ಮಗು ಕಾಲೇಜು ಸೇರುವ ಹೊತ್ತಿಗೆ 48 ಲಕ್ಷ ಬೇಕು.

ಗಾಬರಿಯಾಗಬೇಡಿ, ಇದೇ ಗಣಿತ ನಮಗೂ ದುಡಿಯುತ್ತದೆ. ಶೇ. 8ರ ಪ್ರತಿಫಲ ಸಿಕ್ಕರೆ, ತಿಂಗಳಿಗೆ 10,000 ರೂಪಾಯಿ 18 ವರ್ಷ ಕಟ್ಟಿದಾಗ ಸುಮಾರು 48 ಲಕ್ಷವಾಗುತ್ತದೆ. ಅದರಲ್ಲಿ ನಾವು ಕಟ್ಟಿದ್ದು 21.6 ಲಕ್ಷ ಮಾತ್ರ. ಮಗುವಿಗೆ 10 ತುಂಬಿದ ಮೇಲೆ ಎಚ್ಚೆತ್ತರೆ, ಅದೇ ಮೊತ್ತಕ್ಕೆ ತಿಂಗಳಿಗೆ ಸುಮಾರು 36,000 ಬೇಕು. ಸಂಬಳ ದೊಡ್ಡದಾದರೂ ಕಳೆದ 10 ವರ್ಷವನ್ನು ಕೊಳ್ಳಲಾಗದು.

ಹಣ ಎಲ್ಲಿಡಬೇಕು? ಹೆಣ್ಣುಮಗುವಿಗೆ 10 ತುಂಬುವ ಮೊದಲು 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ಉನ್ನತ ಶಿಕ್ಷಣಕ್ಕೆಂದು ಅರ್ಧದಷ್ಟು ಹಣ ತೆಗೆಯಲು ಅಲ್ಲಿ ಅವಕಾಶವಿದೆ. ಸಾರ್ವಜನಿಕ ಭವಿಷ್ಯ ನಿಧಿ 15 ವರ್ಷದ್ದು, ವರ್ಷಕ್ಕೆ 1.5 ಲಕ್ಷದ ಮಿತಿ, ನಿಮ್ಮ ಖಾತೆಗೂ ಅಪ್ರಾಪ್ತ ಮಗುವಿನ ಹೆಸರಿನ ಖಾತೆಗೂ ಸೇರಿ. ಮ್ಯೂಚುವಲ್ ಫಂಡಿನಲ್ಲಿ ತಿಂಗಳ ಕಂತು ಕಟ್ಟುವವರು, ಕಾಲೇಜಿಗೆ ಎರಡು ಮೂರು ವರ್ಷವಿರುವಾಗಲೇ ಹಣವನ್ನು ಹಂತಹಂತವಾಗಿ ಠೇವಣಿಗೆ ಬದಲಿಸುವುದು ಜಾಣತನ. ಫೀಸು ಕಟ್ಟುವ ತಿಂಗಳಲ್ಲೇ ಷೇರುಪೇಟೆ ಬೀಳಬಹುದಲ್ಲವೇ?

ಒಂದು ಎಚ್ಚರಿಕೆ. ನಿಮ್ಮ ನೌಕರಿಯ ಭವಿಷ್ಯ ನಿಧಿಗೆ ಕೈ ಹಾಕಬೇಡಿ. ಓದಿಗೆ ಬ್ಯಾಂಕು ಸಾಲ ಕೊಡುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದರ ಬಡ್ಡಿಯ ಮೇಲೆ 8 ವರ್ಷ ವಿನಾಯಿತಿಯೂ ಉಂಟು. ಮುಪ್ಪಿನ ಊಟಕ್ಕೆ ಅಂಥ ಸಾಲ ಯಾರೂ ಕೊಡರು. ಇಂದು ಮಗನ ಫೀಸಿಗೆ ಎಲ್ಲವನ್ನೂ ಸುರಿದವರು ನಾಳೆ ಅದೇ ಮಗನ ಸಂಬಳಕ್ಕೆ ಕೈಚಾಚಬೇಕಾದೀತು.

ಕೊನೆಯದಾಗಿ, ಮಗು ಎಸ್.ಎಸ್.ಎಲ್.ಸಿ.ಗೆ ಬಂದಾಗ ಕೂಡಿಟ್ಟ ಮೊತ್ತವೆಷ್ಟೆಂದು ಅದಕ್ಕೂ ತಿಳಿಸಿ. ಯಾವ ಕೋರ್ಸು, ಯಾವ ಊರು ಎಂಬ ಮಾತು ಆ ಅಂಕಿಯನ್ನು ಮುಂದಿಟ್ಟುಕೊಂಡೇ ನಡೆಯಲಿ. ಬಾಯಾರಿದ ಮೇಲೆ ಬಾವಿ ತೋಡುವ ಪ್ರಸಂಗ ಆಗ ಬಾರದು.