ಎರಡು ಧ್ರುವಗಳ ಕಾಯಿಲೆಯನ್ನು ಅರಿಯೋಣ



ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ‘ಮಾನಸಿಕ ಆಸ್ಪತ್ರೆ’ ಎಂದು ಮರುನಾಮಕರಣವಾಯಿತು. 1974ರಲ್ಲಿ ಅದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಆದರೆ ನಮ್ಮ ಆರ್.ಟಿ. ನಗರ, ಹೆಬ್ಬಾಳದ ಮನೆಗಳಲ್ಲಿ ‘ಹುಚ್ಚ’, ‘ದೀವಾನಾ’ ಎಂಬ ಪದಗಳು ಇನ್ನೂ ಅಳಿದಿಲ್ಲ.

ರೋಗದ ಹೆಸರೂ ಬದಲಾಗಿದೆ. ‘ಉನ್ಮಾದ-ಖಿನ್ನತೆ’ ಎನ್ನಲಾಗುತ್ತಿದ್ದುದನ್ನು 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ‘ಬೈಪೋಲಾರ್’, ಅರ್ಥಾತ್ ದ್ವಿಧ್ರುವ ಕಾಯಿಲೆ ಎಂದು ಕರೆಯಿತು. ಹೆಸರಿನಲ್ಲೇ ಎಚ್ಚರಿಕೆಯಿದೆ. ಒಂದು ಧ್ರುವದಲ್ಲಿ ವಾರಗಟ್ಟಲೆ ಕವಿಯುವ ಖಿನ್ನತೆ. ಇನ್ನೊಂದರಲ್ಲಿ ನಿದ್ರೆಯೇ ಬೇಡವೆನಿಸುವ ಹುರುಪು, ತಡೆಯಿಲ್ಲದ ಮಾತು, ಮಿತಿಮೀರಿದ ಖರ್ಚು.

ಕುಟುಂಬವು ವೈದ್ಯರಿಗೆ ಖಿನ್ನತೆಯನ್ನು ಮಾತ್ರ ತಿಳಿಸಿ ಹುರುಪಿನ ದಿನಗಳನ್ನು ಮುಚ್ಚಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ. ಖಿನ್ನತೆಯ ಮಾತ್ರೆಯೊಂದನ್ನೇ ನೀಡಿದರೆ ಕೆಲವರಲ್ಲಿ ಉನ್ಮಾದ ಕೆರಳಬಹುದು. ಮದುವೆ ಇದಕ್ಕೆ ಮದ್ದಲ್ಲ. ಲಿಥಿಯಂನಂತಹ ಔಷಧಿಗಳಿವೆ. ಲಿಥಿಯಂ ಸೇವಿಸುವವರು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸುವುದು ಅಪಾಯ.

ಎಲ್ಲಿಂದ ಆರಂಭಿಸಲಿ ಎನ್ನುವವರು ಸರಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಮಾನಕ್ಕಂಜಿ ರೋಗವನ್ನು ಅಡಗಿಸಿದರೆ ಕೊನೆಗೆ ಕಳೆದುಕೊಳ್ಳುವುದು ನಮ್ಮ ಮಕ್ಕಳನ್ನು. ಈ ಹೊಣೆಯನ್ನು ಪ್ರತಿಯೊಂದು ಕುಟುಂಬವೂ ಅರಿಯಲಿ.