ದಿನನಿತ್ಯದ ಬಾಳಿನಲ್ಲಿ ಕ್ರಿಸ್ತನ ಶಿಷ್ಯತ್ವ
(ಬೆಸಗರಹಳ್ಳಿಯಲ್ಲಿ ಮಾಡಿದ ಭಾಷಣ)



ದೇವಾಲಯವೊಂದು ನೂರು ಸಂವತ್ಸರಗಳನ್ನು ಪೂರೈಸಿದ ಸುಸಂದರ್ಭದಲ್ಲಿ ಅದನ್ನು ಕಟ್ಟಿದ ಹಿರಿಯರ ಗುಣಗಾನ ಮಾಡುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಮಾಡಿದ್ದಾರೆ. ನನಗೆ ಒಪ್ಪಿಸಿರುವ ವಿಷಯ ಬೇರೆ. ನಾನು ದೈವಶಾಸ್ತ್ರ ಓದಿದವನಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಅದರೊಡನೆ ಈ ಮದ್ದೂರು ಸೀಮೆಯಲ್ಲಿ ತಂದೆಯವರು ಬಿಟ್ಟುಹೋದ ಒಂದೂವರೆ ಎಕರೆ ಗದ್ದೆಯನ್ನು ನೋಡಿಕೊಂಡವನು. ಆದುದರಿಂದ ಗದ್ದೆಯ ಬದುವಿನ ಮೇಲೆ ನಿಂತು ಕಂಡಷ್ಟನ್ನು ಮಾತ್ರ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಸಂತ ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯವನ್ನು ತಾವು ಅನೇಕ ಸಲ ಕೇಳಿದ್ದೀರಿ. ಜೋರ್ಡಾನ್ ನದಿಯ ಬಳಿ ಸ್ನಾನಿಕ ಯೊವಾನ್ನನನ್ನು ಜನ ಸುತ್ತುವರಿದು, ತಾವೇನು ಮಾಡಬೇಕೆಂದು ಕೇಳುತ್ತಾರೆ. ಅರಣ್ಯದಲ್ಲಿ ಮಿಡತೆ ತಿಂದು, ಒಂಟೆಯ ತುಪ್ಪಟದ ಬಟ್ಟೆಯುಟ್ಟು ಬದುಕುತ್ತಿದ್ದ ಆ ಮಹಾತಪಸ್ವಿ ‘ನನ್ನಂತಾಗಿರಿ’ ಎಂದು ಯಾರಿಗೂ ಹೇಳಲಿಲ್ಲ. ಎರಡು ಅಂಗಿಯುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದ. ಸುಂಕದವರಿಗೆ ನಿಗದಿಗಿಂತ ಹೆಚ್ಚು ವಸೂಲು ಮಾಡಬೇಡಿರೆಂದ. ಸಿಪಾಯಿಗಳಿಗೆ ಯಾರನ್ನೂ ಹೆದರಿಸಿ ಹಣ ಕೀಳದೆ ಬಂದ ಸಂಬಳದಲ್ಲಿ ತೃಪ್ತರಾಗಿರಿ ಎಂದ. ಅವರವರ ಕಸುಬಿನೊಳಗೇ, ಅವರವರ ಲೆಕ್ಕದ ಪುಸ್ತಕದೊಳಗೇ ಅವರ ಪಶ್ಚಾತ್ತಾಪವನ್ನು ತೋರಿಸಿಕೊಟ್ಟ. ನಮ್ಮ ಪ್ರಭುವಾದರೋ, ಬೋಧನೆಗೆ ತೊಡಗುವ ಮುನ್ನ ಸುಮಾರು ಮೂವತ್ತು ವರ್ಷದವರೆಗೆ ನಜರೇತಿನ ಒಂದು ಬಡಗಿಯ ಮನೆಯಲ್ಲಿದ್ದರು. ಅಷ್ಟು ವರ್ಷಗಳಲ್ಲಿ ಅವರು ಎಷ್ಟು ನೊಗ ಕೆತ್ತಿದರೋ, ಎಷ್ಟು ಬಾಗಿಲು ಕೂಡಿಸಿದರೋ ಯಾರೂ ಬರೆದಿಡಲಿಲ್ಲ.

ನಮ್ಮ ನಾಡಿನ ಚರಿತ್ರೆಯಿಂದಲೇ ಒಂದು ನಿದರ್ಶನ ಕೊಡುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ. ನಮ್ಮ ಜನ ಅವರನ್ನು ‘ದೊಡ್ಡಸ್ವಾಮಿ’ ಎಂದು ಕರೆದರು. ಈ ದೇಶದ ಉಡುಗೆಯುಟ್ಟು, ಈ ದೇಶದ ಊಟವುಂಡು ಬಾಳಿದವರು ಅವರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ನೆಲೆಯಿಲ್ಲದವರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿನ ಹಾವಳಿಯಿದ್ದ ಆ ಕಾಲದಲ್ಲಿ, ಹೊಸ ಚಿಕಿತ್ಸೆಗೆ ಜನ ಬೆದರುತ್ತಿದ್ದಾಗ, 1803-04ರಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿಗೆ ದೇವಿ ಹಾಕಿಸಿದರು. ಇಷ್ಟು ಮಾಡಿದ ಮನುಷ್ಯ 1823ರಲ್ಲಿ ಸ್ವದೇಶಕ್ಕೆ ಮರಳಿದಾಗ, ಭಾರತದಲ್ಲಿ ಕ್ರೈಸ್ತ ಧರ್ಮದ ಪ್ರಚಾರ ಫಲಿಸದೆಂದು ನಿರಾಶೆಯಿಂದ ಗ್ರಂಥವನ್ನೇ ಪ್ರಕಟಿಸಿದರು! ತಾವು ಸೋತೆವೆಂದೇ ಅವರು ಎಣಿಸಿದರು. ದೇವಿ ಹಾಕಿಸಿಕೊಂಡು ಬದುಕುಳಿದ ಮಕ್ಕಳ ತಾಯಂದಿರು ಹಾಗೆಣಿಸಿರಲಾರರು ಎಂಬುದು ನನ್ನ ನಂಬಿಕೆ.

ಇದೆಲ್ಲ ಗುರುಗಳ ಕೆಲಸ, ನಮಗೇನು ಎಂದು ಕೆಲವರು ಕೇಳಬಹುದು. ಪವಿತ್ರ ಜೀವನಕ್ಕೆ ಕರೆ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮೀಸಲಲ್ಲ, ದೀಕ್ಷಾಸ್ನಾನ ಪಡೆದ ಎಲ್ಲರಿಗೂ ಉಂಟೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿಯೇ ಸಾರಿತು. ನಾವು ಅದನ್ನು ಕೇಳಿಸಿಕೊಂಡೆವು. ಆದರೆ ಭಾನುವಾರ ಬಲಿಪೂಜೆ ಮುಗಿದು ದೇವಾಲಯದ ಮೆಟ್ಟಿಲಿಳಿಯುತ್ತಲೇ ಮರೆತೆವು.

ನಮ್ಮ ಪರೀಕ್ಷೆಯಾದರೂ ಎಲ್ಲಿ? ಆಲೆಮನೆಯಲ್ಲಿ ಬೆಲ್ಲ ತೂಗುವ ತಕ್ಕಡಿಯಲ್ಲಿ. ಕಬ್ಬು ಕಡಿದವರಿಗೆ ಕೂಲಿ ಕೊಡುವ ಸಂಜೆಯಲ್ಲಿ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ನಾವೋ, ಕಾರ್ಖಾನೆಯಿಂದ ದುಡ್ಡು ಬರಲಿ ಎನ್ನುತ್ತೇವೆ. ಕಾರ್ಖಾನೆಯ ಬಾಕಿಯ ಸಂಕಟ ನನಗೂ ಗೊತ್ತು. ಆದರೆ ನಮ್ಮ ಮಗಳ ಮದುವೆ ಆ ಬಾಕಿಗಾಗಿ ನಿಲ್ಲುವುದಿಲ್ಲ, ಕೂಲಿಯವಳ ಮನೆಯ ಒಲೆ ಮಾತ್ರ ನಿಲ್ಲಬೇಕೇ? ಇನ್ನು ಅವಳಿಗೆ ಚಹಾ ಕೊಡುವ ಲೋಟವನ್ನು ಪ್ರತ್ಯೇಕವಾಗಿ ಇಟ್ಟಿರುವ ಮನೆ ನಮ್ಮಲ್ಲಿ ಒಂದೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲಿರಾ? ತಿರುವಾಂಕೂರಿನ ಅರಮನೆಯ ಅಧಿಕಾರಿಯಾಗಿದ್ದ ದೇವಸಹಾಯಂ 1745ರಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ ಮೇಲುಕೀಳೆಣಿಸದೆ ಎಲ್ಲರೊಡನೆ ಬೆರೆತರು. ವಿಶ್ವಾಸಕ್ಕಾಗಿ ಸೆರೆ, ಹಿಂಸೆಗಳನ್ನು ಅನುಭವಿಸಿ 1752ರಲ್ಲಿ ಗುಂಡಿಗೆ ಬಲಿಯಾದರು. 2022ರ ಮೇ 15ರಂದು ರೋಮಿನಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ನಾವೂ ಸಂತೋಷಪಟ್ಟೆವು. ಆ ಸಂತೋಷ ಲೋಟದವರೆಗೆ ಇಳಿಯಲಿಲ್ಲ.

ಈ ಊರಿನ ಹೆಸರನ್ನು ಕನ್ನಡ ನಾಡಿಗೆಲ್ಲ ತಿಳಿಸಿದ ಬೆಸಗರಹಳ್ಳಿ ರಾಮಣ್ಣನವರು (1938-1998) ನಮ್ಮ ಧರ್ಮದವರಲ್ಲ. ವೈದ್ಯರಾಗಿದ್ದುಕೊಂಡು ಹಳ್ಳಿಯ ಬಡವರ ಬವಣೆಯನ್ನು ಕತೆಯಾಗಿಸಿದವರು. ಆಸ್ಪತ್ರೆಗೆ ಬಂದ ಬಡ ಹುಡುಗನೊಬ್ಬನ ಪಾಡನ್ನು ಅವರ ‘ಗಾಂಧಿ’ ಕತೆಯಲ್ಲಿ ಓದಿದಾಗಲೆಲ್ಲ, ಸಮಾರಿಯದವನ ಸಾಮತಿಯಲ್ಲಿ ಗಾಯಾಳುವನ್ನು ಕಂಡೂ ಬದಿಗೆ ಸರಿದುಹೋದ ಯಾಜಕನ ನೆನಪು ನನಗಾಗುತ್ತದೆ. ಕಚೇರಿ, ಆಸ್ಪತ್ರೆ, ಶಾಲೆಗಳಲ್ಲಿ ನೌಕರಿ ಮಾಡುವ ನಮ್ಮ ಯುವಕ ಯುವತಿಯರು ಅದನ್ನು ಓದಬೇಕು.

ಪರರಿಗೆ ಇಷ್ಟು ಹೇಳಿದ ಮೇಲೆ ನನ್ನದೊಂದನ್ನು ಹೇಳದಿದ್ದರೆ ಕಪಟವಾದೀತು.

2002ರಲ್ಲಿ ಮಳೆ ಕೈಕೊಟ್ಟು, ಕಾವೇರಿ ನೀರಿಗಾಗಿ ಜಿಲ್ಲೆಯೆಲ್ಲ ಕುದಿಯುತ್ತಿತ್ತು. ನಾಲೆಯಲ್ಲಿ ಸರದಿಯಂತೆ ನೀರು. ಪೈರು ಹೊಡೆ ತುಂಬುವ ಹೊತ್ತು. ಒಂದು ಶನಿವಾರ ರಾತ್ರಿ ಸರದಿ ಪಕ್ಕದ ಗದ್ದೆಯ ಗೌಡರದು. ನೀರುಗಂಟಿ ಅತ್ತ ಹೋದುದನ್ನು ನೋಡಿಕೊಂಡು ನಾನು ಅವರ ಬಾಯಿಗೆ ಮಣ್ಣು ಮೆತ್ತಿ, ನೀರನ್ನು ನನ್ನ ಗದ್ದೆಗೆ ತಿರುಗಿಸಿದೆ. ಬೆಳಗಾಗುವ ಮುನ್ನ ಮಣ್ಣು ತೆಗೆದೆ. ಮರುದಿನ ಭಾನುವಾರ ಸ್ನಾನ ಮಾಡಿ, ಮಡಿ ಪಂಚೆಯುಟ್ಟು ಬಲಿಪೂಜೆಗೆ ಹೋಗಿ ಪರಮಪ್ರಸಾದ ಸ್ವೀಕರಿಸಿದೆ. ನನಗೇನೂ ಅನ್ನಿಸಲಿಲ್ಲ. ಅದೇ ನನಗೆ ಇಂದಿಗೂ ಭಯ ಹುಟ್ಟಿಸುವ ಸಂಗತಿ.

ಮೂರು ತಿಂಗಳು ಗೌಡರು ನನ್ನೊಡನೆ ಮಾತಾಡಲಿಲ್ಲ. ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದಾಗ ಗುರುಗಳು ಜಪ ವಿಧಿಸುವ ಬದಲು, ಮೊದಲು ಆತನ ಮನೆಗೆ ಹೋಗಿ ಬನ್ನಿ ಎಂದರು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಸೋದರನ ಬಳಿಗೆ ಹೋಗಬೇಕೆಂಬ ಪ್ರಭುವಿನ ಆಜ್ಞೆ ಬಾಯಿಪಾಠವಾಗಿತ್ತು. ಆದರೂ ಆ ಇನ್ನೂರು ಗಜ ನಡೆಯಲು ನನಗೆ ಎಂಟು ದಿನ ಹಿಡಿಯಿತು. ಎರಡು ಮೂಟೆ ಭತ್ತವನ್ನು ಗಾಡಿಯಲ್ಲಿ ಹಾಕಿಸಿಕೊಂಡು ಹೋದೆ.

ಗೌಡರು ಜಗಲಿಯ ಮೇಲೆ ಕುಳಿತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, “ನೀರು ಕದ್ದುದಕ್ಕಲ್ಲ ಮೇಷ್ಟ್ರೇ, ಬರಗಾಲದಲ್ಲಿ ಯಾರು ಕದೀಲಿಲ್ಲ? ಬೆಳಿಗ್ಗೆ ಎದ್ದು ಬಿಳೀ ಪಂಚೆ ಉಟ್ಕೊಂಡು ನಿಮ್ಮ ದೇವರ ಗುಡಿಗೆ ಹೋದ್ರಲ್ಲ, ಅದ ನೋಡಿ ಮಾತು ಬಿಟ್ಟೆ” ಎಂದರು. ಆಮೇಲೆ ಎದ್ದು, ಮೂಟೆಗಳನ್ನು ಕೈಯಿಂದ ತಟ್ಟಿ ನೋಡಿ, ಒಂದನ್ನು ಇಳಿಸಿಕೊಂಡರು. “ನನ್ನ ಲೆಕ್ಕಕ್ಕೆ ಒಂದೇ ಬರೋದು” ಎಂದು ಇನ್ನೊಂದನ್ನು ಹಿಂದಕ್ಕೆ ಕಳುಹಿಸಿದರು.

ಮುಂದಿನ ಬೆಳೆಗೆ ನನ್ನ ಸರದಿ ನಡುರಾತ್ರಿಗೆ ಬಂತು. ಬ್ಯಾಟರಿ ಹಿಡಿದು ನಾಲೆಯ ಬಳಿಗೆ ಹೋದೆ. ತೂಬಿನ ಹತ್ತಿರ ಕಂಬಳಿ ಹೊದ್ದು ಗೌಡರು ಕುಳಿತಿದ್ದರು. ನನ್ನ ಗದ್ದೆಗೆ ಆಗಲೇ ನೀರು ಹಾಯುತ್ತಿತ್ತು.