ತೊಟ್ಟಿಲು ತೂಗುವ ಕೈ

ಭರಮಸಾಗರದ ಶರಣ ಬಂಧುಗಳೇ, ತಾಯಂದಿರೇ,

‘ಬುದ್ಧೀ, ಕೂಸು ರಾತ್ರಿಯೆಲ್ಲಾ ಮಲಗುವುದಿಲ್ಲ’ ಎಂದು ದಂಪತಿಗಳು ನಮ್ಮಲ್ಲಿ ವಿಭೂತಿ ಬೇಡುತ್ತಾರೆ. ವಿಭೂತಿ ಕೊಡುತ್ತೇವೆ, ಜೊತೆಗೆ ಒಂದು ಮಾತನ್ನೂ ಹೇಳುತ್ತೇವೆ.

ಎಳೆಗೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಆದರೆ ಹೊಟ್ಟೆ ಚಿಕ್ಕದು. ಎರಡು ಮೂರು ಗಂಟೆಗೊಮ್ಮೆ ಹಸಿವು. ಹಗಲಿರುಳಿನ ಭೇದ ತಿಳಿಯಲು ಅದಕ್ಕೆ ಕೆಲವು ತಿಂಗಳುಗಳೇ ಬೇಕು. ಇದು ದೃಷ್ಟಿಯಲ್ಲ, ಗಾಳಿಯಲ್ಲ. ಮಲಗಿಸಲೆಂದು ಅಫೀಮು ತಿನ್ನಿಸಿದರೆ ಉಸಿರೇ ನಿಂತೀತು. ಹಾಲು ಬಿಟ್ಟು ಅತ್ತರೆ ಡಾಕ್ಟರ ಬಳಿಗೆ ಹೋಗಿ.

ಕೂಸಿನ ನಿದ್ದೆಗೆ ಮರುಗುವವರು ಬಾಣಂತಿಯ ನಿದ್ದೆಯನ್ನು ಮರೆಯುತ್ತಾರೆ. ಹೊಲದಿಂದ ದಣಿದು ಬಂದ ತಂದೆಯೇ, ಹಾಲೂಡುವುದು ತಾಯಿಯ ಕೆಲಸವಿರಬಹುದು. ತೊಟ್ಟಿಲು ತೂಗಲು ನಿನಗೂ ಕೈಗಳಿವೆ.

ಹತ್ತಿರದ ಸಿರಿಗೆರೆಯಲ್ಲಿ ಕೇಳುವ ಹರಕೆ ‘ತರಳಾ, ಬಾಳು’. ತರಳ ಬಾಳಬೇಕಾದರೆ ಮೊದಲು ತಾಯಿ ಬಾಳಬೇಕು.